ಇಪ್ಪತ್ತಮೂರು ಕೆಜಿಯ ಸಂಸಾರ

ಪರದೇಶಕ್ಕೆ ಹೊರಟವರ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗುವ ಅಂಕಿ ಒಂದೇ: 23. ಹೋಗುವ ಊರಿನ ಹೆಸರು ನೆಟ್ಟಗೆ ಹೇಳಲು ಬಾರದವರಿಗೂ ಅದು ಗೊತ್ತಿರುತ್ತದೆ. ಸಾಗರದ ನಮ್ಮಮ್ಮ ಸ್ಟುಟ್‌ಗಾರ್ಟನ್ನು ಕೊನೆಯವರೆಗೂ ‘ನಿಂಗಳ ಆ ಊರು’ ಎಂದೇ ಕರೆದಳು. ಆದರೆ ತಲೆಗೆಷ್ಟು ಪೆಟ್ಟಿಗೆ, ಪೆಟ್ಟಿಗೆಗೆಷ್ಟು ಕಿಲೋ, ಕೈಚೀಲಕ್ಕೆಷ್ಟು ಎಂಬುದನ್ನು ಪಕ್ಕದ ಮನೆಯವರಿಗೆ ಒಪ್ಪಿಸುವಷ್ಟು ತಿಳಿದುಕೊಂಡಿದ್ದಳು. ಪಕ್ಕದ ಮನೆಯವರೂ ಸುಮ್ಮನೆ ಕೇಳಿಸಿಕೊಳ್ಳುವವರಲ್ಲ. ಅವರ ಮಗಳು ಟೊರಾಂಟೊದಲ್ಲಿದ್ದಾಳೆ, ಅವಳಿಗೆ ಎರಡು ಪೆಟ್ಟಿಗೆ ಬಿಟ್ಟಿದ್ದರಂತೆ. ‘ಜರ್ಮನಿಗೆ ಒಂದೇ ಅಂತೆ’ ಎನ್ನುವಾಗ ಅಮ್ಮನ ದನಿಯಲ್ಲಿ ಆ ದೇಶದ ಬಗ್ಗೆಯೇ ಒಂದು ಅಸಮಾಧಾನ.

ಸ್ಟುಟ್‌ಗಾರ್ಟ್ ಬೆಂಗಳೂರಿನವರಿಗೆ ತೀರ ಹೊರಗಿನದಲ್ಲ. ರಾಬರ್ಟ್ ಬಾಷ್ 1886ರಲ್ಲಿ ತನ್ನ ವರ್ಕ್‌ಶಾಪ್ ತೆರೆದದ್ದು ಅಲ್ಲಿ. ಆ ಕಂಪನಿಯ ಭಾರತದ ಕೂಸಾಗಿ 1951ರಲ್ಲಿ ಹುಟ್ಟಿದ ಮೈಕೊ ಆಡುಗೋಡಿಯಲ್ಲಿ ಬೇರುಬಿಟ್ಟು, ಒಂದು ಬಡಾವಣೆಗೆ ಹೆಸರನ್ನೂ ಕೊಟ್ಟಿತು. ಅಂದಿನಿಂದ ಈ ಎರಡು ಊರುಗಳ ನಡುವೆ ಎಂಜಿನಿಯರುಗಳ ಓಡಾಟ ನಿಂತಿಲ್ಲ. ಬೇರೊಂದು ಕಂಪನಿಯ ಕೆಲಸದ ಮೇಲೆ ನಾನೂ ಆ ಸಾಲಿಗೆ ಸೇರಿದೆ. ಜೊತೆಗೆ ಗಂಡ, ಶಾಲೆಗೆ ಹೋಗುವ ಮಗ. ಟಿಕೆಟ್ಟಿನಲ್ಲಿ ಬರುವ ಪೆಟ್ಟಿಗೆ ತಲೆಗೊಂದು, ಕಂಪನಿಯವರು ಹಣ ಕಟ್ಟಿದ್ದು ಮತ್ತೊಂದೊಂದು, ಒಟ್ಟು ಆರು. ಮದುವೆಯಾದಂದಿನಿಂದ ಕೂಡಿಹಾಕಿದ ಸಂಸಾರ 138 ಕೆಜಿಗೆ ಇಳಿಯಬೇಕು.

ಅದೂ ಸುಳ್ಳು ಲೆಕ್ಕ. ದೊಡ್ಡ ಅಳತೆಯ ಗಟ್ಟಿ ಕವಚದ ಸೂಟ್‌ಕೇಸು ಖಾಲಿ ಇದ್ದಾಗಲೇ ನಾಲ್ಕೂವರೆ ಕೆಜಿ ತೂಗುತ್ತದೆ. ಆರಕ್ಕೆ ಇಪ್ಪತ್ತೇಳು. ಅಂದರೆ ಒಂದು ತುಂಬಿದ ಪೆಟ್ಟಿಗೆಗಿಂತ ಹೆಚ್ಚಿನ ತೂಕವನ್ನು ಪೆಟ್ಟಿಗೆಗಳೇ ತಿಂದುಬಿಟ್ಟಿರುತ್ತವೆ. ಅಂಗಡಿಯಲ್ಲಿ ಹತ್ತು ವರ್ಷದ ವಾರಂಟಿಯ ಬಗ್ಗೆ ಹೇಳುತ್ತಾರೆಯೇ ಹೊರತು ಈ ಮಾತು ಯಾರೂ ಎತ್ತುವುದಿಲ್ಲ.

ತೂಗುವುದಕ್ಕೆ ಈಗ ಕೊಕ್ಕೆಯ ಪುಟ್ಟ ಯಂತ್ರ ಸಿಗುತ್ತದೆ. ಪೆಟ್ಟಿಗೆಯ ಹಿಡಿಗೆ ಸಿಕ್ಕಿಸಿ ಎತ್ತಿ ಹಿಡಿದರೆ ಅಂಕಿ ತೋರಿಸುತ್ತದೆ. ಅಂಕಿ ನಿಲ್ಲುವವರೆಗೆ ಎತ್ತಿ ಹಿಡಿಯುವ ತಾಕತ್ತು ಇರಬೇಕು ಅಷ್ಟೆ. ಇಲ್ಲವಾದರೆ ಹಳೆಯ ದಾರಿ: ಪೆಟ್ಟಿಗೆಯನ್ನು ತಬ್ಬಿಕೊಂಡು ಮನೆಯ ತೂಕದ ಯಂತ್ರದ ಮೇಲೆ ನಿಂತು, ಬಂದ ಲೆಕ್ಕದಲ್ಲಿ ನಮ್ಮ ತೂಕ ಕಳೆಯುವುದು. ಈ ದಾರಿಯಲ್ಲಿ ಇನ್ನೊಂದು ಲಾಭವಿದೆ. ಗಂಡಸರು ಎಷ್ಟೋ ಕಾಲದಿಂದ ಮುಚ್ಚಿಟ್ಟ ಅವರ ನಿಜವಾದ ತೂಕ ಬೀಗರ ಎದುರಿಗೇ ಬಯಲಾಗುತ್ತದೆ.

ಪೆಟ್ಟಿಗೆ ತುಂಬುವುದು ನಮ್ಮ ಕೈಯಲ್ಲಿತ್ತು ಎಂದುಕೊಂಡರೆ ಅದೂ ಪೂರ್ತಿ ಸರಿಯಲ್ಲ. ಸಾಗರದಿಂದ ಅಪ್ಪೆಮಿಡಿ ಬಂತು. ಉಪ್ಪುನೀರಿನಲ್ಲಿ ಮುಳುಗಿ ಸುಕ್ಕು ಸುಕ್ಕಾದ ಮಿಡಿ. ಅದರ ತೂಕದಲ್ಲಿ ಅರ್ಧ ನೀರಿನದೇ. ನೀರು ಬಸಿದು ಕೊಡು ಎಂದರೆ ಅಮ್ಮ ನನ್ನನ್ನು ದಿಟ್ಟಿಸಿ ನೋಡಿ ಒಳಗೆ ಹೋದಳು. ಹಲಸಿನ ಹಪ್ಪಳ, ಮುರುಗಲು ಸಿಪ್ಪೆ, ಗಟ್ಟಿ ಅವಲಕ್ಕಿ, ಕೆಂಪು ಅಕ್ಕಿ. ಅತ್ತೆಯವರು ತಿಪಟೂರಿನವರು. ಅಲ್ಲಿಯ ಮನೆಗಳಲ್ಲಿ ಪ್ರೀತಿಗೆ ಒಂದೇ ಆಕಾರ, ದುಂಡು ಕೊಬ್ಬರಿ. ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತು ನೀರೆಲ್ಲ ಆರಿ ಒಳಗೇ ಕಳಚಿಕೊಂಡು ಗುಡುಗುಡು ಸದ್ದು ಮಾಡುವ ಕೊಬ್ಬರಿಯನ್ನು ಅವರು ಒಂದೊಂದೇ ಅಲ್ಲಾಡಿಸಿ ಆರಿಸಿ ತಂದಿದ್ದರು. ಕೊಬ್ಬರಿ ವಿಮಾನಕ್ಕೆ ಏರುವಂತಿಲ್ಲ ಎಂದು ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು.

ಅದು ನಿಜ. ಎಣ್ಣೆ ತುಂಬಿದ ಒಣ ಕೊಬ್ಬರಿ ರಾಶಿಯಾಗಿ ಬಿದ್ದಲ್ಲಿ ತನ್ನಷ್ಟಕ್ಕೆ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು ಎಂದು ಅಂತರರಾಷ್ಟ್ರೀಯ ಸಾಗಣೆಯ ನಿಯಮದಲ್ಲಿ ಅದನ್ನು ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದ್ದಾರೆ. ಪೆಟ್ಟಿಗೆ ಬೆಲ್ಟಿನ ಮೇಲೆ ಹೋದ ಬಳಿಕ ಎಕ್ಸ್‌ರೇಯಲ್ಲಿ ಕಂಡರೆ ಹೆಸರು ಕೂಗಿ ಕರೆಸಿ ತೆಗೆಸುತ್ತಾರೆ. ಅತ್ತೆ ನಂಬಲಿಲ್ಲ. ‘ನಮ್ಮ ಮನೆ ಅಟ್ಟದಲ್ಲಿ ನಮ್ಮತ್ತೆ ಕಾಲದಿಂದ ಕೊಬ್ಬರಿ ಇದೆ, ಒಂದು ದಿನಾನೂ ಹೊತ್ತಿಕೊಂಡಿಲ್ಲ’ ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ತಮಾಷೆಯೆಂದರೆ ಐರೋಪ್ಯ ಒಕ್ಕೂಟದ ಕಡೆಯಿಂದ ಹಸಿ ತೆಂಗಿನಕಾಯಿಗೆ ಅಡ್ಡಿಯೇ ಇಲ್ಲ. 2019ರ ಡಿಸೆಂಬರಿನಿಂದ ಅಲ್ಲಿಗೆ ಹೊರಗಿನಿಂದ ಯಾವ ಹಸಿ ಹಣ್ಣು, ಸೊಪ್ಪು, ತರಕಾರಿ ಒಯ್ಯಬೇಕಾದರೂ ರೋಗವಿಲ್ಲವೆಂಬ ಸರ್ಕಾರಿ ಪ್ರಮಾಣಪತ್ರ ಬೇಕು. ವಿನಾಯಿತಿ ಇರುವುದು ಐದಕ್ಕೆ ಮಾತ್ರ. ಅನಾನಸ್, ಬಾಳೆ, ಖರ್ಜೂರ, ದುರಿಯನ್, ತೆಂಗು. ಹಿತ್ತಲಿನ ಕರಿಬೇವು ಹೀಗೆ ಉದುರಿತು. ಹಾಲಿನ ಪದಾರ್ಥವೂ ಕೂಡದು ಎಂದದ್ದರಿಂದ ತುಪ್ಪದ ಡಬ್ಬಿ ಕೆಳಗಿಳಿಯಿತು. ಸಿಹಿತಿಂಡಿಗೆ ಆ ನಿರ್ಬಂಧವಿಲ್ಲವಾದ್ದರಿಂದ ಅದೇ ತುಪ್ಪ ಮೈಸೂರುಪಾಕಿನ ರೂಪದಲ್ಲಿ ಮತ್ತೆ ಪೆಟ್ಟಿಗೆ ಹತ್ತಿತು. ಕಾನೂನಿನ ಸಂದಿಯನ್ನು ಹುಡುಕುವುದರಲ್ಲಿ ನಮ್ಮ ಅತ್ತೆ ಯಾವ ವಕೀಲರಿಗೂ ಕಡಿಮೆಯಿಲ್ಲ. ಗಸಗಸೆಯ ಪೊಟ್ಟಣ ಮಾತ್ರ ಉಳಿಯಿತು, ನಾವು ನೇರವಾಗಿ ಫ್ರಾಂಕ್‌ಫರ್ಟಿಗೆ ಹೋಗುತ್ತಿದ್ದುದರಿಂದ. ದುಬೈ ಮೇಲೆ ಹಾಯುವವರು ಆ ಸಾಹಸ ಮಾಡಬಾರದು. ಯುಎಇಯಲ್ಲಿ ಗಸಗಸೆ ನಿಷೇಧಿತ ವಸ್ತು, ನಮ್ಮ ಪಾಯಸದ ಸುದ್ದಿ ಅಲ್ಲಿಯ ಪೊಲೀಸರಿಗೆ ಬೇಕಿಲ್ಲ.

ಪುಸ್ತಕಗಳ ವಿಷಯ ಬೇರೆಯೇ ಕಥೆ. ಕಾಗದದಷ್ಟು ಮೋಸದ ತೂಕ ಇನ್ನೊಂದಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು ನಮ್ಮ ಕಪಾಟಿನ ಕೆಳಸಾಲನ್ನು ಪೂರ್ತಿ ಹಿಡಿದಿತ್ತು. ಅದನ್ನು ಒಯ್ಯಬೇಕಾದರೆ ಇನ್ನೊಬ್ಬ ಮಗ ಬೇಕಾಗುತ್ತಿತ್ತು. ಸಾಗರಕ್ಕೆ ಕಳಿಸಿದೆವು. ಮಗ ತನ್ನ ಚಿತ್ರದ ಪುಸ್ತಕಗಳಲ್ಲಿ ಯಾವುದನ್ನು ಬಿಡಬೇಕೆಂದು ತಾನೇ ಆರಿಸುತ್ತೇನೆಂದು ಹಟ ಹಿಡಿದು, ಕೊನೆಗೆ ತೆಳುವಾದದ್ದನ್ನೆಲ್ಲ ಬಿಟ್ಟು ದಪ್ಪ ರಟ್ಟಿನವನ್ನೇ ಇಟ್ಟುಕೊಂಡ.

ಹೊರಡುವ ರಾತ್ರಿ ಆರು ಪೆಟ್ಟಿಗೆಗಳನ್ನೂ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು ಕೆಳಗಿಳಿಸಿದರು. ರಾಯಚೂರು ಕಡೆಯವರು, ನನ್ನ ತಂದೆಗಿಂತ ಸ್ವಲ್ಪ ಚಿಕ್ಕವರಿರಬಹುದು. ಬೇಡ ಬೇಡವೆಂದರೂ ಲಿಫ್ಟಿನಿಂದ ಕಾರಿನವರೆಗೆ ಎಳೆದು, ಡಿಕ್ಕಿಗೆ ಎತ್ತಿ ಹಾಕುತ್ತ ಬಂದವರು ಒಂದು ಪೆಟ್ಟಿಗೆಯ ಹತ್ತಿರ ನಿಂತರು. ಹಿಡಿ ಹಿಡಿದು ಒಮ್ಮೆ ಅಲ್ಲಾಡಿಸಿ ಕೆಳಗಿಟ್ಟು, ‘ಇದು ಭಾಳ ವಜ್ಜಾ ಐತ್ರಿ ಅಕ್ಕಾರ, ಅವ್ರು ತಗೊಳ್ಳಂಗಿಲ್ಲ ನೋಡ್ರಿ’ ಅಂದರು. ಕೊಕ್ಕೆಯ ಯಂತ್ರ 23 ತೋರಿಸಿದ್ದ ಪೆಟ್ಟಿಗೆ ಅದು. ಅದಾದ ಮೇಲೆ ಯಾರು ಯಾವಾಗ ಅದರೊಳಗೆ ಏನೇನು ತೂರಿಸಿದ್ದರೋ. ಕುಕ್ಕರು, ಒಗ್ಗರಣೆಯ ಕಬ್ಬಿಣದ ಸೌಟು, ಅಪ್ಪೆಮಿಡಿ ಎಲ್ಲ ಇದ್ದದ್ದು ಅದರಲ್ಲೇ.

ಬೆಂಗಳೂರಿನ ಎರಡನೆಯ ಟರ್ಮಿನಲ್ಲಿನ ಚಾವಣಿಗೆ ಬಿದಿರು, ಗೋಡೆಯಲ್ಲಿ ಗಿಡ, ಇಳಿಬಿದ್ದ ಬಳ್ಳಿ. 2022ರ ನವೆಂಬರಿನಲ್ಲಿ ಉದ್ಘಾಟನೆಯಾಗಿ, ಮರುವರ್ಷ ಸೆಪ್ಟೆಂಬರಿನಿಂದ ವಿದೇಶದ ವಿಮಾನಗಳೆಲ್ಲ ಅಲ್ಲಿಂದಲೇ ಹೊರಡುತ್ತಿವೆ. ನೋಡಲು ಬಂದವರು ಮೇಲೆ ನೋಡುತ್ತಾರೆ. ಪೆಟ್ಟಿಗೆಯವರು ನೆಲ ನೋಡುತ್ತಾರೆ. ಚೆಕ್‌ಇನ್ ಕೌಂಟರಿನ ಎದುರಿನ ಆ ನಯವಾದ ನೆಲದ ಮೇಲೆ ಪ್ರತಿ ರಾತ್ರಿ ನಾಲ್ಕಾರು ಕುಟುಂಬಗಳು ಪೆಟ್ಟಿಗೆಯ ಬಾಯಿ ತೆರೆದು ಕೂತಿರುತ್ತವೆ. ಗಂಡಸರ ಬನಿಯನ್ನು, ಹೆಂಗಸರ ಒಳಲಂಗ, ಪೂಜೆಯ ಗಂಟೆ, ಚಟ್ನಿಪುಡಿ, ಇಸ್ತ್ರಿ ಮಾಡಿದ ಕೋಟು ಎಲ್ಲ ಲೋಕದೆದುರು. ಯಾರೂ ನಾಚುವುದಿಲ್ಲ, ಯಾರೂ ನೋಡಿ ನಗುವುದೂ ಇಲ್ಲ. ಮುಂದಿನ ಸರದಿ ತನ್ನದಿರಬಹುದೆಂಬ ಭಯ ಎಲ್ಲರಿಗೂ ಇದೆ.

ಇಲ್ಲಿ ಒಂದು ಲೆಕ್ಕದ ತೊಡಕಿದೆ, ಹೊಸಬರು ಎಡವುವುದೇ ಅಲ್ಲಿ. ಒಂದರಲ್ಲಿ 19, ಇನ್ನೊಂದರಲ್ಲಿ 27 ಇದ್ದರೆ ಸರಾಸರಿ 23 ಆಯಿತಲ್ಲ ಎನ್ನುವಂತಿಲ್ಲ. ಪೆಟ್ಟಿಗೆಯ ಲೆಕ್ಕ ಹಿಡಿಯುವ ವಿಮಾನಗಳಲ್ಲಿ ಒಂದೊಂದು ಪೆಟ್ಟಿಗೆಯೂ ತನ್ನ ತಪ್ಪಿಗೆ ತಾನೇ ಹೊಣೆ. 23ರಿಂದ 32ರವರೆಗೆ ದಂಡ ಕಟ್ಟಿ ಒಯ್ಯಬಹುದು. 32 ದಾಟಿದರೆ ಎಷ್ಟು ಹಣ ಕೊಟ್ಟರೂ ಇಲ್ಲ; ಅದು ಕಾರ್ಗೋಗೆ ಹೋಗಬೇಕು. ಕೌಂಟರಿನ ಹುಡುಗಿ ತಾಳ್ಮೆಯಿಂದಲೇ ಹೇಳಿದಳು, ‘ಮೇಡಂ, ಅರ್ಧ ಕೆಜಿ ಆಚೆಈಚೆ ಬಿಡ್ತೀನಿ. ಇದು ನಾಲ್ಕು ಹೆಚ್ಚಿದೆ.’ ನಾವೂ ನೆಲಕ್ಕೆ ಕೂತೆವು.

ನಮ್ಮ ಪಕ್ಕದಲ್ಲಿ ಎಂಎಸ್ ಓದಲು ಹೊರಟ ಹುಡುಗನೊಬ್ಬ ಒಬ್ಬನೇ ಕೂತಿದ್ದ. ಅವನ ಪೆಟ್ಟಿಗೆ ತುಂಬ ಬಟ್ಟೆಯಲ್ಲಿ ಸುತ್ತಿದ ಖಡಕ್ ರೊಟ್ಟಿಯ ಕಟ್ಟುಗಳು, ಶೇಂಗಾ ಹಿಂಡಿ, ನಡುನಡುವೆ ದಪ್ಪ ದಪ್ಪ ಎಂಜಿನಿಯರಿಂಗ್ ಪುಸ್ತಕ. ಅವನು ಒಂದಿಷ್ಟೂ ಯೋಚಿಸದೆ ಪುಸ್ತಕಗಳನ್ನು ಹೊರಗಿಟ್ಟ. ಓದಲು ಹೋಗುವವನು ಪುಸ್ತಕ ಬಿಟ್ಟು ರೊಟ್ಟಿ ಒಯ್ಯುತ್ತಿದ್ದೀಯಲ್ಲಪ್ಪ ಎಂದು ಇವರು ರೇಗಿಸಿದರೆ, ‘ಪುಸ್ತಕ ಪಿಡಿಎಫ್ ಸಿಗ್ತಾವ್ರಿ ಸರ, ರೊಟ್ಟಿ ಸಿಗಂಗಿಲ್ಲ’ ಎಂದ. ಅಷ್ಟರಲ್ಲಿ ಫೋನು. ಬಂದವರಿಗೆ ಟರ್ಮಿನಲ್ಲಿನ ಒಳಗೆ ಬಿಡುವುದಿಲ್ಲವಾದ್ದರಿಂದ ಅವನ ಅಪ್ಪ ಅಮ್ಮ ಗಾಜಿನ ಹೊರಗೆ ನಿಂತಿದ್ದರು. ‘ಯವ್ವಾ, ಹೋಗಬ್ಯಾಡ್ರಿ ಇನ್ನ, ಪುಸ್ತಕ ಅದಾವ, ಬಾಗ್ಲಾಗ ಕೊಡ್ತೀನಿ.’ ಬೀಳ್ಕೊಡಲು ಬಂದವರು ಕೈಬೀಸಿದ ಮೇಲೂ ಹೊರಗೆ ಏಕೆ ಅಷ್ಟು ಹೊತ್ತು ಕಾಯುತ್ತಾರೆಂದು ನನಗೆ ಆಗ ತಿಳಿಯಿತು. ದುಃಖಕ್ಕಷ್ಟೇ ಅಲ್ಲ. ತೂಕ ಮಿಕ್ಕರೆ ಮನೆಗೆ ಒಯ್ಯುವವರು ಬೇಕಲ್ಲ.

ನಾವು ಕೆಂಪಕ್ಕಿಯನ್ನು ಕೈಚೀಲಗಳಿಗೆ ಹಂಚಿದೆವು. ಜರ್ಮನಿಯ ಚಳಿಗೆಂದು ಕೊಂಡ ಕೋಟುಗಳನ್ನು ಬೆಂಗಳೂರಿನ ಬೇಸಿಗೆಯಲ್ಲಿ ಮೂವರೂ ತೊಟ್ಟುಕೊಂಡೆವು. ಇವರ ಕೋಟಿನ ಜೇಬುಗಳಲ್ಲಿ ಚಾರ್ಜರು, ಬೀಗದ ಕೈ, ಒಂದು ಜೊತೆ ಚಪ್ಪಲಿ. ಮೈಮೇಲೆ ತೊಟ್ಟದ್ದಕ್ಕೆ ತೂಕದ ಲೆಕ್ಕವಿಲ್ಲ. ಎಲ್ಲ ಸೇರಿಯೂ ಆ ಕುಕ್ಕರಿನ ಪೆಟ್ಟಿಗೆ ಮಾತ್ರ 27ರಿಂದ ಕೆಳಗಿಳಿಯಲಿಲ್ಲ. ದಂಡ ಕಟ್ಟಿದೆವು. ಒಳಗಿದ್ದ ಸಾಮಾನಿನ ಬೆಲೆಗೆ ಹೋಲಿಸಿದರೆ ನಗು ಬರುವ ಮೊತ್ತ. ಹುಡುಗಿ ಅದರ ಹಿಡಿಗೆ ‘ಹೆವಿ’ ಎಂದು ಬರೆದ ಕಿತ್ತಳೆ ಬಣ್ಣದ ಚೀಟಿ ಕಟ್ಟಿದಳು.

ಆ ಚೀಟಿ ಯಾರಿಗೆ? ನಮಗಲ್ಲ, ನಮಗೆ ಗೊತ್ತೇ ಇದೆ. ಯಂತ್ರಕ್ಕಲ್ಲ, ಯಂತ್ರಕ್ಕೆ ಓದು ಬೇಡ. ಅದು ಗೋಡೆಯ ಆಚೆ ನಿಂತು ಬೆಲ್ಟಿನಿಂದ ಪೆಟ್ಟಿಗೆಯನ್ನು ಎತ್ತುವ ಮನುಷ್ಯನಿಗೆ. 32 ಎಂಬ ಮಿತಿ ಬಂದದ್ದು ವಿಮಾನದ ಶಕ್ತಿಯಿಂದಲ್ಲ. ನೂರಾರು ಜನರನ್ನು ಹೊತ್ತು ಸಮುದ್ರ ದಾಟುವ ಯಂತ್ರಕ್ಕೆ ನನ್ನ ಅಪ್ಪೆಮಿಡಿ ಯಾವ ಲೆಕ್ಕ. ಅದು ಎತ್ತುವವನ ಸೊಂಟದ ಲೆಕ್ಕ. ದೊಡ್ಡ ವಿಮಾನಗಳಲ್ಲಿ ಪೆಟ್ಟಿಗೆಗಳನ್ನು ಲೋಹದ ಡಬ್ಬಿಗಳಲ್ಲಿ ಜೋಡಿಸಿ ಏರಿಸುತ್ತಾರೆ. ಸಣ್ಣ ವಿಮಾನಗಳ ಹೊಟ್ಟೆಯಲ್ಲಂತೂ ನೆಟ್ಟಗೆ ನಿಲ್ಲುವಷ್ಟು ಎತ್ತರವೂ ಇರುವುದಿಲ್ಲ. ಮಂಡಿಯೂರಿ, ಬೆನ್ನು ಬಗ್ಗಿಸಿಕೊಂಡೇ ಒಂದೊಂದನ್ನೂ ಕೈಯಿಂದ ತಳ್ಳಿ ಪೇರಿಸಬೇಕು. ಒಂದು ಪಾಳಿಯಲ್ಲಿ ಅಂಥವು ಎಷ್ಟೋ. ದಂಡ ಕಟ್ಟಿದೆವೆಂದು ನಾವು ಗೊಣಗುತ್ತೇವೆ. ಆ ನಾಲ್ಕು ಕೆಜಿ ಎತ್ತುವವನಿಗೆ ಅದರಲ್ಲಿ ಒಂದು ಕಾಸೂ ಹೋಗುವುದಿಲ್ಲ.

ಇದನ್ನು ಯೋಚಿಸುತ್ತ ಹೋದರೆ ನಮ್ಮೂರು ಎದುರಿಗೆ ಬರುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿಯೇ ಒಬ್ಬ ಗಂಡಾಳು ಹೊರುವ ಭಾರ 55 ಕೆಜಿ ಮೀರಬಾರದೆಂದು ಶಿಫಾರಸು ಮಾಡಿತು. ನಮ್ಮ ಸಿಮೆಂಟು ಚೀಲ ಇಂದಿಗೂ 50 ಕೆಜಿ, ಅದನ್ನು ತಲೆಯ ಮೇಲೆ ಹೊತ್ತು ಮಹಡಿ ಹತ್ತುವವರನ್ನು ಬೆಂಗಳೂರಿನ ಯಾವ ಬೀದಿಯಲ್ಲಾದರೂ ನೋಡಬಹುದು. ಜರ್ಮನಿಯ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಸಿಮೆಂಟು ಚೀಲ 25 ಕೆಜಿ. ಅಲ್ಲಿಯ ಸಿಮೆಂಟು ಹಗುರವಲ್ಲ, ಅಲ್ಲಿಯವರ ತೋಳು ಸಣ್ಣದೂ ಅಲ್ಲ.

ಪೆಟ್ಟಿಗೆಗೆ ಗಾಲಿ ಬಂದದ್ದೂ ಎತ್ತುವವರು ಇಲ್ಲವಾದಾಗಲೇ. ಗಾಲಿ ಸಾವಿರಾರು ವರ್ಷದ ಹಳೆಯದು, ಸೂಟ್‌ಕೇಸೂ ಹೊಸದಲ್ಲ, ಆದರೂ ಎರಡೂ ಸೇರಿದ ಪೆಟ್ಟಿಗೆ ಜನಬಳಕೆಗೆ ಬರಲು ಮನುಷ್ಯ ಚಂದ್ರನ ಮೇಲೆ ಇಳಿದು ಬರಬೇಕಾಯಿತು. 1970ರಲ್ಲಿ ಬರ್ನಾರ್ಡ್ ಸ್ಯಾಡೊ ಎಂಬ ಅಮೆರಿಕದ ಸೂಟ್‌ಕೇಸ್ ಕಂಪನಿಯ ಅಧಿಕಾರಿ ಅರೂಬಾ ದ್ವೀಪದಲ್ಲಿ ರಜೆ ಮುಗಿಸಿ ಎರಡು ಭಾರದ ಪೆಟ್ಟಿಗೆಗಳೊಂದಿಗೆ ಸರದಿಯಲ್ಲಿ ಏಗುತ್ತಿದ್ದಾಗ, ಕೆಲಸಗಾರನೊಬ್ಬ ದೊಡ್ಡ ಯಂತ್ರವನ್ನು ಗಾಲಿಯ ಹಲಗೆಯ ಮೇಲಿಟ್ಟು ಸಲೀಸಾಗಿ ತಳ್ಳಿಕೊಂಡು ಹೋದುದನ್ನು ಕಂಡನಂತೆ. 1972ರಲ್ಲಿ ಪೇಟೆಂಟ್ ಸಿಕ್ಕಿತು. ಅಂಗಡಿಯವರು ಮೊದಲು ಕೊಳ್ಳಲಿಲ್ಲ; ಗಂಡಸರು ಪೆಟ್ಟಿಗೆಯನ್ನು ಎಳೆದುಕೊಂಡು ಹೋಗುತ್ತಾರೆಯೇ ಎಂಬ ಅನುಮಾನ. ಈಗ ನಾವು ಎಳೆಯುವ, ಉದ್ದ ಹಿಡಿಯ ನಿಂತ ಪೆಟ್ಟಿಗೆ 1987ರ ಸುಮಾರಿಗೆ ರಾಬರ್ಟ್ ಪ್ಲಾತ್ ಎಂಬ ಪೈಲಟ್ ಮಾಡಿಕೊಂಡದ್ದು. ಎತ್ತಲು ಇನ್ನೊಬ್ಬನ ತಲೆ ಸಿಗುವವರೆಗೆ ಗಾಲಿಯ ನೆನಪು ಯಾರಿಗೆ ಬರುತ್ತದೆ? ನಮ್ಮ ರೈಲು ನಿಲ್ದಾಣಗಳಲ್ಲಿ ಕೆಂಪಂಗಿಯ ತೋಳಿಗೆ ಹಿತ್ತಾಳೆ ಬಿಲ್ಲೆ ಕಟ್ಟಿದವರ ಹೆಸರನ್ನು 2016ರ ರೈಲ್ವೆ ಬಜೆಟ್ಟಿನಲ್ಲಿ ‘ಸಹಾಯಕ್’ ಎಂದು ಬದಲಿಸಿದರು. ಭಾರ ಹಾಗೇ ಉಳಿಯಿತು.

ಫ್ರಾಂಕ್‌ಫರ್ಟಿನಲ್ಲಿ ಇಳಿದಾಗ ಬೆಳಗು. ಅಲ್ಲಿಯ ನೆಲದಡಿ ಪೆಟ್ಟಿಗೆಗಳನ್ನು ಸಾಗಿಸುವ ಬೆಲ್ಟುಗಳ ಉದ್ದ ಸುಮಾರು 80 ಕಿಮೀ. ಆರೂ ಸುರಕ್ಷಿತವಾಗಿ ಬಂದವು, ಕಿತ್ತಳೆ ಚೀಟಿಯದು ಎಲ್ಲಕ್ಕಿಂತ ಕೊನೆಗೆ. ಮಗ ಅದನ್ನು ಕಂಡು ಕುಣಿದ. ವಿಮಾನ ನಿಲ್ದಾಣಕ್ಕೇ ಅಂಟಿಕೊಂಡ ದೂರಪ್ರಯಾಣದ ರೈಲು ನಿಲ್ದಾಣವಿದೆ, ಸ್ಟುಟ್‌ಗಾರ್ಟಿಗೆ ಒಂದೂಕಾಲು ಗಂಟೆಯ ಹಾದಿ. ರೈಲು ಬಂದು ನಿಲ್ಲುವುದು ಕೆಲವೇ ನಿಮಿಷ. ಮೂರು ಜನ, ಆರು ಪೆಟ್ಟಿಗೆ, ಕೈಚೀಲ, ಕೋಟು. ಅಭ್ಯಾಸಬಲದಿಂದ ಕಣ್ಣು ಪ್ಲಾಟ್‌ಫಾರ್ಮಿನಲ್ಲಿ ಕೆಂಪಂಗಿ ಹುಡುಕಿತು. ಅಲ್ಲಿ ಯಾರ ಅಂಗಿಯೂ ಕೆಂಪಿರಲಿಲ್ಲ. ನಾನು ಒಳಗೆ ಹಾರಿ ನಿಂತು, ಇವರು ಕೆಳಗಿನಿಂದ ಎತ್ತಿ ಕೊಟ್ಟು, ಮಗ ಪೆಟ್ಟಿಗೆ ಎಣಿಸುವ ಕೆಲಸ ವಹಿಸಿಕೊಂಡು ಹತ್ತಿದೆವು.

ಸ್ಟುಟ್‌ಗಾರ್ಟಿನ ಮುಖ್ಯ ನಿಲ್ದಾಣವನ್ನು ನೆಲದಡಿಗೆ ಇಳಿಸುವ ಕಾಮಗಾರಿ 2010ರಲ್ಲಿ ಶುರುವಾದದ್ದು. ಹಳೆಯ ಪ್ಲಾಟ್‌ಫಾರ್ಮುಗಳನ್ನು ಹಿಂದಕ್ಕೆ ಸರಿಸಿ, ಊರಿನ ಕಡೆಗೆ ಬರಲು ಬಳಸು ದಾರಿ ಕಟ್ಟಿದ್ದಾರೆ. ಆ ಊರಿನವರು ಈ ನಿಲ್ದಾಣದ ಬಗ್ಗೆ ಮಾತಾಡುವುದು ನಾವು ಬೆಂಗಳೂರಿನಲ್ಲಿ ಮೆಟ್ರೋ ಕಾಮಗಾರಿಯ ಬಗ್ಗೆ ಮಾತಾಡಿದ ಹಾಗೆಯೇ. ಪೆಟ್ಟಿಗೆ ಎಳೆಯುತ್ತ ಆ ದಾರಿ ನಡೆದವರಿಗೆ ಅವರ ಸಿಟ್ಟು ಅರ್ಥವಾಗುತ್ತದೆ.

ಆದರೆ ಸ್ಟುಟ್‌ಗಾರ್ಟಿನ ನಿಜವಾದ ಪರೀಕ್ಷೆ ಇರುವುದು ನಿಲ್ದಾಣದ ಹೊರಗೆ. ಊರು ಕೂತಿರುವುದು ಒಂದು ತಗ್ಗಿನಲ್ಲಿ, ಮನೆಗಳು ಸುತ್ತಲಿನ ಗುಡ್ಡಗಳ ಮೈಮೇಲೆ. ಒಂದು ಕಾಲಕ್ಕೆ ಆ ಗುಡ್ಡಗಳ ತುಂಬ ದ್ರಾಕ್ಷಿಯ ತೋಟ. ತೋಟಕ್ಕೆ ಹತ್ತಿ ಇಳಿಯಲು ಕಟ್ಟಿದ ಕಲ್ಲಿನ ಮೆಟ್ಟಿಲುಗಳೇ ಈಗ ಊರಿನ ಓಣಿಗಳು. ಅಂಥ ಮೆಟ್ಟಿಲಸಾಲುಗಳು ನಾನೂರಕ್ಕೂ ಹೆಚ್ಚಿವೆ, ಅಲ್ಲಿಯವರು ಅವುಗಳನ್ನು ಮುದ್ದಿನಿಂದ ಶ್ಟೆಫೆಲೆ ಎನ್ನುತ್ತಾರೆ. ಮರಿಯನ್‌ಪ್ಲಾಟ್ಸಿನಿಂದ ಡೇಗರ್‌ಲೋಖಿಗೆ ಹಲ್ಲಿನ ಹಳಿಯ ಮೇಲೆ ಹತ್ತುವ ಪುಟ್ಟ ರೈಲು 1884ರಿಂದ ಓಡುತ್ತಿದೆ, ಸೈಕಲ್ಲುಗಳನ್ನು ಮುಂದಿನ ಬಂಡಿಯಲ್ಲಿ ಹೇರಿಕೊಂಡು. ಚೆಲುವಾದ ಊರು, ಎರಡು ಮಾತಿಲ್ಲ. ಕೈ ಖಾಲಿ ಇದ್ದರೆ.

ಕಂಪನಿಯವರು ಮೊದಲ ದಿನಗಳಿಗೆಂದು ಕೊಟ್ಟ ಮನೆ ಅಂಥದೊಂದು ಮೆಟ್ಟಿಲಸಾಲಿನ ನಡುವೆ ಇತ್ತು. ಟ್ಯಾಕ್ಸಿಯವ ರಸ್ತೆಯಲ್ಲಿ ಇಳಿಸಿ, ಕಿತ್ತಳೆ ಚೀಟಿಯನ್ನು ಒಮ್ಮೆ, ಮೆಟ್ಟಿಲನ್ನು ಒಮ್ಮೆ ನೋಡಿ, ಶುಭವಾಗಲಿ ಎಂದು ಹೊರಟುಹೋದ. ಮೆಟ್ಟಿಲು ಹತ್ತಿದ ಮೇಲೆ ಬಾಗಿಲು. ಬಾಗಿಲ ಒಳಗೆ ಲಿಫ್ಟಿಲ್ಲದ ಹಳೆಯ ಕಟ್ಟಡ, ನಮ್ಮದು ಮೂರನೆಯ ಮಹಡಿ. ಉಳಿದ ಐದನ್ನು ಹೇಗೋ ಹೊತ್ತೆವು. ಆ ಇಪ್ಪತ್ತೇಳು ಕೆಜಿಯದನ್ನು ಇವರೂ ನಾನೂ ಎರಡು ಕಡೆ ಹಿಡಿದು ಮೊದಲ ಮಹಡಿಗೆ ಬಂದಾಗ ಇಬ್ಬರಿಗೂ ಉಸಿರು ಮೇಲಕ್ಕೆ ಬರುತ್ತಿರಲಿಲ್ಲ. ಅಲ್ಲೇ ಮರದ ಮೆಟ್ಟಿಲ ಮೇಲೆ ಪೆಟ್ಟಿಗೆಯ ಬಾಯಿ ತೆರೆದೆವು. ಕುಕ್ಕರು ಒಂದು ಸಲ, ಅಪ್ಪೆಮಿಡಿ ಒಂದು ಸಲ, ಸೌಟು ಮಗನ ಕೈಗೆ. ಮೇಲಿನಿಂದ ಇಳಿದು ಬರುತ್ತಿದ್ದ ವಯಸ್ಸಾದವರೊಬ್ಬರು ನಮ್ಮನ್ನು ದಾಟಿ ಹೋಗದೆ ನಿಂತು, ಏನೂ ಕೇಳದೆ, ಕುಕ್ಕರನ್ನು ಎರಡು ಕೈಯಲ್ಲಿ ಹಿಡಿದು ನಮ್ಮ ಬಾಗಿಲವರೆಗೆ ತಂದಿಟ್ಟು, ತಲೆಯಾಡಿಸಿ ಮತ್ತೆ ಇಳಿದು ಹೋದರು. ದುಡ್ಡು ಕೊಡುವಂತಿಲ್ಲ, ಅಣ್ಣ ಎನ್ನುವಂತಿಲ್ಲ, ಧನ್ಯವಾದ ಹೇಳಲು ಅವರ ಭಾಷೆಯೂ ಆಗ ನಾಲಿಗೆಗೆ ಬರಲಿಲ್ಲ.

ರಾಯಚೂರಿನವರ ನೆನಪಾದದ್ದು ಆಗ. ಅವರ ಕೈಗೆ ನೋಟು ಮಡಿಸಿ ಇಟ್ಟು ಬಂದಿದ್ದೆ, ಅವರೂ ಬೇಡವೆನ್ನುತ್ತಲೇ ತೆಗೆದುಕೊಂಡಿದ್ದರು. ಹುಟ್ಟಿದಂದಿನಿಂದ ನಮ್ಮ ಭಾರವನ್ನು ಯಾರೋ ಎತ್ತುತ್ತಲೇ ಬಂದಿದ್ದಾರೆ. ಸಾಗರದ ಬಸ್‌ಸ್ಟ್ಯಾಂಡಿನಿಂದ ಹಾಸ್ಟೆಲಿನ ಟ್ರಂಕು, ಬಾಡಿಗೆ ಮನೆ ಬದಲಿಸುವಾಗ ಗೋದ್ರೆಜ್ ಬೀರು, ಫ್ರಿಜ್ಜು, ನೀರಿನ ಕ್ಯಾನು. ಎತ್ತಿದವರು ಭಾರವೆಂದು ಹೇಳಿದಾಗಲೆಲ್ಲ ನಾವು ಅದನ್ನು ಇನ್ನಷ್ಟು ಹಣ ಕೇಳುವ ಪೀಠಿಕೆಯೆಂದು ತಿಳಿದವರು. ವಿದೇಶದಲ್ಲಿ ಕೆಲಸದವರಿಲ್ಲ ಎಂದು ನಮ್ಮವರು ಕಷ್ಟದ ಮಾತಾಗಿ ಹೇಳುವುದನ್ನು ಕೇಳಿದ್ದೇನೆ. ನನಗೆ ಅನಿಸುವುದು ಬೇರೆ: ತನ್ನ ಸಾಮಾನು ಎಷ್ಟು ತೂಗುತ್ತದೆಂದು ಬೆನ್ನಿನಿಂದ ತಿಳಿಯದವನು ಬೇಕುಬೇಡಗಳ ಬಗ್ಗೆ ಮಾಡುವ ತೀರ್ಮಾನಕ್ಕೆ ಅಷ್ಟು ಬೆಲೆಯಿಲ್ಲ.

ಅಂದು ಭಾನುವಾರ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ತೆರೆದಿರುವುದು ರೈಲು ನಿಲ್ದಾಣದೊಳಗಿನಂಥ ಕೆಲವು ಮಾತ್ರ. ಮತ್ತೆ ಆ ಮೆಟ್ಟಿಲು ಇಳಿದು ಹತ್ತುವ ಮನಸ್ಸು ಯಾರಿಗೂ ಇರಲಿಲ್ಲ. ಅವಲಕ್ಕಿ ನೆನೆಸಿ, ಅಪ್ಪೆಮಿಡಿ ಹಿಚುಕಿ ಕಲಸಿದೆವು. ದಂಡ ಕಟ್ಟಿದ ನಾಲ್ಕು ಕೆಜಿಯಲ್ಲಿ ಅದಂತೂ ಪೂರ್ತಿ ವಸೂಲಾಯಿತು.

ಉಳಿದವುಗಳ ತೀರ್ಪು ಬೇಗ ಮುಗಿಯುತ್ತದೆ. ಹಪ್ಪಳ ಪುಡಿಯಾಗಿತ್ತು, ಪುಡಿಯನ್ನೇ ಕರಿದು ತಿಂದೆವು. ಮಿಕ್ಸಿ ತಂದದ್ದು ಸರಿಯಾಯಿತು; ಅಲ್ಲಿಯ ಕರೆಂಟೂ 230 ವೋಲ್ಟ್, ಪ್ಲಗ್ಗಿಗೊಂದು ಅಡಾಪ್ಟರ್ ಸಾಕು. ಅಮೆರಿಕಕ್ಕೆ ಹೋಗುವವರು ಈ ಮಾತು ನಂಬಬಾರದು, ಅಲ್ಲಿ 120. ಕುಕ್ಕರು ಇಂಡಕ್ಷನ್ ತಳದ್ದಾದ್ದರಿಂದ ಉಳಿದುಕೊಂಡಿತು, ಬರೀ ಅಲ್ಯೂಮಿನಿಯಮಿನದಾಗಿದ್ದರೆ ಇಂಡಕ್ಷನ್ ಒಲೆಯ ಮೇಲೆ ಬಿಸಿಯೂ ಆಗುತ್ತಿರಲಿಲ್ಲ. ತೊಗರಿಬೇಳೆ, ಹುಣಸೆಹಣ್ಣು, ಸಾಸಿವೆ ಹೊತ್ತದ್ದು ವ್ಯರ್ಥ. ಶ್ರೀಲಂಕಾದ ತಮಿಳರು ನಡೆಸುವ ಅಂಗಡಿಗಳಲ್ಲಿ ಅವೆಲ್ಲ ಸಿಗುತ್ತವೆ, ಹಸಿ ಕರಿಬೇವಿನ ಸಹಿತ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಅವಳಿಗೆ ಖುಷಿಯಾಗಲಿಲ್ಲ. ‘ಸಿಕ್ಕರೂ ವಾಸನೆ ಇರ್ತದಾ ಅದಕ್ಕೆ?’ ಎಂದಳು. ಇನ್ನು ಮುಂದೆ ಏನು ಕಳಿಸುವುದೆಂಬ ಚಿಂತೆ ಅವಳದು. ಕೆಲವು ತಿಂಗಳ ಮೇಲೆ ನಮ್ಮದೇ ಬಾಡಿಗೆ ಮನೆಗೆ ಹೋದಾಗ ಅಲ್ಲಿ ಅಡುಗೆಮನೆಯೆಂಬ ಕೋಣೆ ಇತ್ತು, ಒಲೆ ಕಪಾಟು ಯಾವುದೂ ಇರಲಿಲ್ಲ, ಪಾತ್ರೆ ತೊಳೆಯುವ ತೊಟ್ಟಿಯನ್ನೂ ಹಿಂದಿನವರು ಬಿಚ್ಚಿಕೊಂಡು ಹೋಗಿದ್ದರು. ಆ ದೇಶದಲ್ಲಿ ಬಹಳ ಕಡೆ ಹಾಗೆಯೇ. ಸೌಟು ಒಯ್ಯಲು ನಾವು ಪಟ್ಟ ಪಾಡು ನೆನೆದು, ಒಲೆಯನ್ನೇ ಕೊಳ್ಳಲು ಹೊರಟೆವು.

ಆ ಮೊದಲ ಮನೆಯ ಬಾಗಿಲಿಗೆ ಒಂದು ದಿನ ಸಣ್ಣ ಹಲಗೆಯೊಂದು ತೂಗುಬಿದ್ದಿತ್ತು. ಕೇರ್‌ವೊಖೆ ಎಂದು ಬರೆದಿತ್ತು. ಸ್ಟುಟ್‌ಗಾರ್ಟ್ ಇರುವ ಸ್ವಾಬಿಯಾ ಸೀಮೆಯ ಹಳೆಯ ವಾಡಿಕೆ: ವಾರಕ್ಕೊಂದು ಮನೆಯವರು ಸರದಿಯಲ್ಲಿ ಕಟ್ಟಡದ ಮೆಟ್ಟಿಲು ಗುಡಿಸಿ ಒರೆಸಬೇಕು, ಡಾಕ್ಟರಿರಲಿ ಡ್ರೈವರಿರಲಿ. ಮುಗಿಸಿದವರು ಹಲಗೆಯನ್ನು ಮುಂದಿನವರ ಬಾಗಿಲಿಗೆ ತಗುಲಿಸುತ್ತಾರೆ. ನಾನೂ ಇವರೂ ಬಕೆಟ್ಟು ಹಿಡಿದು ಮೂರನೆಯ ಮಹಡಿಯಿಂದ ಇಳಿಯುತ್ತ ಒರೆಸಿದೆವು. ಮೊದಲ ಮಹಡಿಯ ತಿರುವಿನಲ್ಲಿ, ಪೆಟ್ಟಿಗೆಯ ಗಾಲಿ ಗೀಚಿದ ಗುರುತೊಂದು ಎಷ್ಟು ಉಜ್ಜಿದರೂ ಹೋಗಲಿಲ್ಲ.

ಈಗ ಹೊರಡಲು ಸಿದ್ಧರಾಗುತ್ತಿರುವವರು ಊರಿಂದ ಕರೆ ಮಾಡಿ ಏನೇನು ತರಬೇಕೆಂದು ಕೇಳುತ್ತಾರೆ. ದಾಖಲೆ, ಔಷಧಿ, ಪವರ್‌ಬ್ಯಾಂಕು ಕೈಚೀಲದಲ್ಲೇ ಇರಲಿ. ಪವರ್‌ಬ್ಯಾಂಕನ್ನು ದೊಡ್ಡ ಪೆಟ್ಟಿಗೆಗೆ ಹಾಕುವಂತೆಯೇ ಇಲ್ಲ. ಕೊಬ್ಬರಿ ಬೇಡ. ಬೇಳೆ ಬೇಡ. ಮನೆಯವರು ಪ್ರೀತಿಯಿಂದ ಕೊಟ್ಟದ್ದರಲ್ಲಿ ಅಲ್ಲಿ ಯಾವ ಅಂಗಡಿಯಲ್ಲೂ ಸಿಗದ ಒಂದೆರಡನ್ನು ಧಾರಾಳವಾಗಿ ತನ್ನಿ, ಅದಕ್ಕೆ ದಂಡ ಕಟ್ಟಿದರೂ ಪರವಾಗಿಲ್ಲ. ಉಳಿದದ್ದನ್ನು ತೂಗಲು ಕೊಕ್ಕೆಯ ಯಂತ್ರ ನೆಚ್ಚಬೇಡಿ. ಪೆಟ್ಟಿಗೆ ಮುಚ್ಚಿದ ಮೇಲೆ ವಾಚ್‌ಮನ್‌ರನ್ನು ಕರೆಯದೆ, ಲಿಫ್ಟಿನ ಕಡೆಗೂ ಹೋಗದೆ, ನಿಮ್ಮ ಕೈಯಾರೆ ಎತ್ತಿಕೊಂಡು ಮೆಟ್ಟಿಲಲ್ಲಿ ಎರಡು ಮಹಡಿ ಹತ್ತಿ. ಎಲ್ಲಿ ಕೆಳಗಿಡಬೇಕೆನಿಸುತ್ತದೋ ಅಲ್ಲೇ ಬಿಚ್ಚಿ, ಒಂದಿಷ್ಟು ತೆಗೆದಿಟ್ಟು ಆಮೇಲೆ ಹೊರಡಿ.